ಬಡ ಸಂಗ್ರಾಹಕನೂ ಕ್ರೀಸಸ್ ಚಿಟ್ಟೆಯೂ

ಐಶ್ವರ್ಯಕ್ಕೆ ನಮ್ಮಲ್ಲಿ ಕುಬೇರನ ಹೆಸರು ಹೇಗೋ ಹಾಗೆ ಪಾಶ್ಚಾತ್ಯರಲ್ಲಿ ಕ್ರೀಸಸ್ ದೊರೆಯ ಹೆಸರು. ಕ್ರಿಸ್ತಪೂರ್ವ ಆರನೆಯ ಶತಮಾನದಲ್ಲಿ ಏಷ್ಯಾಮೈನರಿನ ಲಿಡಿಯಾ ರಾಜ್ಯವನ್ನಾಳಿದ ಈತನ ಬೊಕ್ಕಸದ ಚಿನ್ನಕ್ಕೆ ಲೆಕ್ಕವಿರಲಿಲ್ಲವೆಂದು ಗ್ರೀಕರು ಹೇಳಿಕೊಂಡು ಬಂದಿದ್ದಾರೆ. ಆ ದೊರೆ ಗತಿಸಿ ಎರಡು ಸಾವಿರದ ನಾನೂರು ವರ್ಷಗಳಾದ ಮೇಲೆ, ಪೂರ್ವಸಮುದ್ರದ ಒಂದು ಚಿಕ್ಕ ದ್ವೀಪದಲ್ಲಿ ಸಿಕ್ಕಿದ ಚಿಟ್ಟೆಯೊಂದಕ್ಕೆ ಅವನ ಹೆಸರು ಬಂದಿತು. ಹೆಸರಿಟ್ಟವನಾದರೋ ಹಿಡಿದ ಹುಳುಹುಪ್ಪಟೆಗಳನ್ನು ಲಂಡನ್ನಿನ ದಲ್ಲಾಳಿಯೊಬ್ಬನ ಮೂಲಕ ಮಾರಿ ಹೊಟ್ಟೆಹೊರೆಯುತ್ತಿದ್ದ ಬಡವ. ಅರಮನೆಯನ್ನಾಗಲಿ ವಿಶ್ವವಿದ್ಯಾನಿಲಯವನ್ನಾಗಲಿ ಒಳಹೊಕ್ಕು ಕಲಿತವನಲ್ಲ. ಜ್ವರದಿಂದ ಬಡಕಲಾದ ಮೈ, ತಾಳೆಗರಿಯ ಗುಡಿಸಲು, ಕೈಯಲ್ಲೊಂದು ಬಲೆ, ಇಷ್ಟೇ ಅವನ ಸಂಪತ್ತು. ಅಂಥವನು ತನ್ನ ಬಾಳಿನ ಅತ್ಯಂತ ದೊಡ್ಡ ಸಂತೋಷಗಳಲ್ಲೊಂದಕ್ಕೆ ಜಗತ್ತಿನ ಅತ್ಯಂತ ದೊಡ್ಡ ಸಿರಿವಂತನ ಹೆಸರನ್ನು ಆರಿಸಿಕೊಂಡನು.

ಆಲ್ಫ್ರೆಡ್ ರಸೆಲ್ ವ್ಯಾಲೇಸ್ ಎಂದೊಡನೆ ಓದುಬರಹ ಬಲ್ಲವರಿಗೆ ಚಾರ್ಲ್ಸ್ ಡಾರ್ವಿನ್ನನ ನೆನಪಾಗುವುದು ಸಹಜ. ವಿಕಾಸತತ್ತ್ವವನ್ನು ಡಾರ್ವಿನ್ನನೊಡನೆ ಕಂಡ ಇನ್ನೊಬ್ಬ ಎಂಬಷ್ಟಕ್ಕೇ ಅವನ ಪರಿಚಯ ಸಾಮಾನ್ಯವಾಗಿ ಮುಗಿದುಹೋಗುತ್ತದೆ. ಆ ಪರಿಚಯ ಸುಳ್ಳಲ್ಲ, ಆದರೆ ಸಾಲದು. ಅವನ ಬಾಳನ್ನು ಡಾರ್ವಿನ್ನನ ನೆರಳಿನಿಂದ ಈಚೆಗೆ ತಂದು, ಆ ಚಿಟ್ಟೆಯ ಮೂಲಕ ನೋಡಬೇಕೆಂಬುದು ನನ್ನ ಬಹುದಿನದ ಆಸೆ. ಅವನು ಏನನ್ನು ಅರಸಿದನು, ಅದಕ್ಕೆ ಏನು ಬೆಲೆ ತೆತ್ತನು, ಕಡೆಗೆ ಏನನ್ನು ತಿಳಿದನು ಎಂಬುದು ಆ ಒಂದು ಜೀವಿಯ ಕಥೆಯಲ್ಲಿ ಅಡಕವಾಗಿದೆಯೆಂದು ನನಗೆ ತೋರುತ್ತದೆ.

ಅವನು ಹುಟ್ಟಿದ್ದು 1823ರ ಜನವರಿ 8ರಂದು, ವೇಲ್ಸ್ ಪ್ರಾಂತದ ಅಸ್ಕ್ ಎಂಬ ಊರಿನ ಬಳಿ. ತಂದೆ ಕಾನೂನು ಓದಿದ್ದರೂ ವಕೀಲಿ ಮಾಡಿದವನಲ್ಲ. ಪಿತ್ರಾರ್ಜಿತವಾಗಿ ಬಂದಿದ್ದ ಹಣವನ್ನು ಒಂದೊಂದೇ ವ್ಯವಹಾರದಲ್ಲಿ ಕಳೆದುಕೊಂಡು, ದೊಡ್ಡ ಸಂಸಾರವನ್ನು ಕಟ್ಟಿಕೊಂಡು ಊರಿಂದೂರಿಗೆ ಅಲೆದನು. ಹುಡುಗನಿಗೆ ಹದಿನಾಲ್ಕು ತುಂಬುವ ಹೊತ್ತಿಗೆ ಶಾಲೆ ಮುಗಿಯಿತು. ಆ ಮೇಲೆ ಅಣ್ಣ ವಿಲಿಯಮ್ಮನ ಜೊತೆಯಲ್ಲಿ ಸರ್ವೆ ಕೆಲಸ. ಸರಪಳಿ ಹಿಡಿದು ಇಂಗ್ಲೆಂಡು ವೇಲ್ಸುಗಳ ಹೊಲಗದ್ದೆ ಬೆಟ್ಟಗಳನ್ನು ಅಳೆಯುತ್ತ ಹೋದ ಆ ಆರೇಳು ವರ್ಷಗಳಲ್ಲಿ ಅವನಿಗೆ ಎರಡು ಪಾಠಗಳಾದುವು. ರೈತರು ಬಳಸುತ್ತಿದ್ದ ಊರೊಟ್ಟಿನ ಭೂಮಿ ಬೇಲಿ ಬಿದ್ದು ಜಮೀನುದಾರರ ಪಾಲಾಗುವುದನ್ನು ಕಣ್ಣಾರೆ ಕಂಡನು. ಆ ನೋವು ಅವನನ್ನು ಕಡೆಯವರೆಗೂ ಬಿಡಲಿಲ್ಲ. ಎರಡನೆಯದು, ದಾರಿಯ ಬದಿಯ ಗಿಡಗಳನ್ನು ಗುರುತಿಸಬೇಕೆಂಬ ಹುಚ್ಚು. ಅಗ್ಗದ ಪುಸ್ತಕವೊಂದನ್ನು ಕೊಂಡು, ಗಿಡಗಳನ್ನು ಒಣಗಿಸಿ ಕಾಗದಕ್ಕೆ ಅಂಟಿಸುವುದನ್ನು ತಾನೇ ಕಲಿತುಕೊಂಡನು.

1844ರಲ್ಲಿ ಲೆಸ್ಟರ್ ನಗರದ ಶಾಲೆಯೊಂದರಲ್ಲಿ ಅವನಿಗೆ ಉಪಾಧ್ಯಾಯನ ಕೆಲಸ ಸಿಕ್ಕಿತು. ಅಲ್ಲಿ ಹೆನ್ರಿ ವಾಲ್ಟರ್ ಬೇಟ್ಸ್ ಎಂಬ ತರುಣನ ಪರಿಚಯವಾಯಿತು. ಬೇಟ್ಸ್ ದುಂಬಿಗಳ ಬೆನ್ನು ಹತ್ತಿದವನು. ಒಂದು ಊರಿನ ಸುತ್ತಮುತ್ತಲೇ ಸಾವಿರ ಬಗೆಯ ದುಂಬಿಗಳಿರಬಲ್ಲವೆಂದು ಅವನಿಂದ ಕೇಳಿ ವ್ಯಾಲೇಸ್ ಬೆರಗಾದನು. ಇಷ್ಟೊಂದು ಬಗೆಗಳು ಏಕಿವೆ, ಎಲ್ಲಿಂದ ಬಂದುವು ಎಂಬ ಪ್ರಶ್ನೆ ಆಗ ಹುಟ್ಟಿ ಮತ್ತೆ ಶಾಂತವಾಗಲಿಲ್ಲ. ಸಿರಿವಂತರ ಮಕ್ಕಳಿಗೆ ಇಂಥ ಪ್ರಶ್ನೆ ಹವ್ಯಾಸವಾಗಿರಬಹುದು. ಇವರಿಬ್ಬರೂ ದುಡಿದು ಉಣ್ಣಬೇಕಾದವರು. ಆದ್ದರಿಂದ ಉಷ್ಣವಲಯದ ಕಾಡಿಗೆ ಹೋಗುವುದು, ಅಲ್ಲಿಯ ಪಕ್ಷಿ ಕೀಟಗಳನ್ನು ಹಿಡಿದು ಇಂಗ್ಲೆಂಡಿನ ಶ್ರೀಮಂತ ಸಂಗ್ರಾಹಕರಿಗೂ ವಸ್ತುಸಂಗ್ರಹಾಲಯಗಳಿಗೂ ಮಾರುವುದು, ಬಂದ ಹಣದಲ್ಲಿ ಪ್ರಶ್ನೆಗೆ ಉತ್ತರ ಹುಡುಕುವುದು ಎಂದು ನಿಶ್ಚಯಿಸಿಕೊಂಡರು. 1848ರ ಮೇ ತಿಂಗಳಲ್ಲಿ ಅವರ ಹಡಗು ಬ್ರೆಜಿಲಿನ ಪಾರಾ ಬಂದರನ್ನು ಮುಟ್ಟಿತು.

ಅಮೆಜಾನಿನಲ್ಲಿ ವ್ಯಾಲೇಸ್ ಕಳೆದ ನಾಲ್ಕು ವರ್ಷಗಳನ್ನು ನಷ್ಟದ ವರ್ಷಗಳೆನ್ನಬೇಕು. ಅವನನ್ನು ಕೂಡಿಕೊಳ್ಳಲು ಬಂದ ತಮ್ಮ ಹರ್ಬರ್ಟ್ 1851ರಲ್ಲಿ ಪಾರಾ ಪಟ್ಟಣದಲ್ಲಿ ಹಳದಿ ಜ್ವರಕ್ಕೆ ತುತ್ತಾದನು. ಅಣ್ಣನಾದವನು ಆಗ ನೂರಾರು ಮೈಲಿ ಆಚೆ, ರಿಯೋ ನೀಗ್ರೋ ನದಿಯ ಮೇಲ್ಭಾಗದಲ್ಲಿದ್ದನು. ತಮ್ಮ ತೀರಿಕೊಂಡ ಸುದ್ದಿ ಅವನಿಗೆ ತಿಂಗಳುಗಳಾದ ಮೇಲೆ ಮುಟ್ಟಿತು. ಬೇನೆ ಬಿದ್ದ ಅವನು 1852ರಲ್ಲಿ ತನ್ನ ಸಂಗ್ರಹವನ್ನೆಲ್ಲ ಹೆಲೆನ್ ಎಂಬ ಹಡಗಿಗೆ ಏರಿಸಿ ಊರ ಕಡೆ ಹೊರಟನು. ಆಗಸ್ಟ್ 6ರಂದು ನಡುಸಮುದ್ರದಲ್ಲಿ ಹಡಗಿಗೆ ಬೆಂಕಿ ಬಿತ್ತು. ಒಂದು ತಗಡಿನ ಡಬ್ಬಿಯಲ್ಲಿದ್ದ ಕೆಲವು ಚಿತ್ರಗಳು, ಕೆಲವು ಟಿಪ್ಪಣಿಗಳು, ಇವಿಷ್ಟೇ ಉಳಿದುವು. ಸಾವಿರಾರು ಕೀಟಗಳು, ಪಕ್ಷಿಗಳು, ದಿನಚರಿಗಳು, ಜೊತೆಗೆ ತರುತ್ತಿದ್ದ ಬದುಕಿದ ಪ್ರಾಣಿಗಳು ಕಣ್ಣೆದುರಿಗೇ ಉರಿದುಹೋದುವು. ತೆರೆದ ದೋಣಿಗಳಲ್ಲಿ ಹತ್ತು ದಿನ ಬಿಸಿಲಿಗೆ ಬೆಂದು, ನೀರಿಗೆ ಬಾಯಾರಿ ತೇಲಿದ ಮೇಲೆ ಇನ್ನೊಂದು ಹಡಗು ಅವರನ್ನು ಎತ್ತಿಕೊಂಡಿತು. ಅವನ ದಲ್ಲಾಳಿ ಸ್ಯಾಮ್ಯುಯೆಲ್ ಸ್ಟೀವನ್ಸ್ ಮುಂದಾಲೋಚನೆಯಿಂದ ಸಂಗ್ರಹಕ್ಕೆ ವಿಮೆ ಮಾಡಿಸಿದ್ದನಾಗಿ ಉಪವಾಸ ತಪ್ಪಿತು.

ಇಂಥ ಪೆಟ್ಟು ತಿಂದವನು ಮತ್ತೆ ಸಮುದ್ರದ ಕಡೆ ಮುಖ ಮಾಡದಿದ್ದರೆ ಯಾರೂ ಅವನನ್ನು ಹೇಡಿಯೆನ್ನುತ್ತಿರಲಿಲ್ಲ. ಎರಡು ವರ್ಷ ಕಳೆಯುವುದರೊಳಗಾಗಿ, 1854ರ ಏಪ್ರಿಲಿನಲ್ಲಿ, ವ್ಯಾಲೇಸ್ ಸಿಂಗಪುರದಲ್ಲಿ ಇಳಿದಿದ್ದನು. ಮುಂದಿನ ಎಂಟು ವರ್ಷಗಳು ಮಲಯ ದ್ವೀಪಸ್ತೋಮದಲ್ಲಿ, ಎಂದರೆ ಇಂದಿನ ಮಲೇಶಿಯಾ ಇಂಡೊನೇಶಿಯಾಗಳಲ್ಲಿ, ಕಳೆದುವು. ಸುಮಾರು 14,000 ಮೈಲಿಗಳ ಅಲೆದಾಟ; ಅರುವತ್ತು ಎಪ್ಪತ್ತು ಪ್ರಯಾಣಗಳು. ಬೆಳಿಗ್ಗೆ ಎದ್ದು ಕಾಫಿ ಕುಡಿದು ಹಿಂದಿನ ದಿನದ ಕೀಟಗಳನ್ನು ಸರಿಪಡಿಸುವುದು, ಬಿಸಿಲೇರುವಾಗ ಬಲೆ ಹಿಡಿದು ಕಾಡು ಹೊಗುವುದು, ಮಧ್ಯಾಹ್ನ ಮರಳಿ ಸೂಜಿ ಚುಚ್ಚಿ ಹೆಸರು ಬರೆಯುವುದು, ರಾತ್ರಿ ಇರುವೆ ಬಾರದಂತೆ ಮೇಜಿನ ಕಾಲುಗಳನ್ನು ನೀರಿನ ಬಟ್ಟಲಲ್ಲಿ ನಿಲ್ಲಿಸುವುದು ಅವನ ದಿನಚರಿಯಾಯಿತು.

ಆ ಕೆಲಸದಲ್ಲಿ ಅವನು ಒಂಟಿಯಾಗಿರಲಿಲ್ಲವೆಂಬುದನ್ನು ಮರೆಯಬಾರದು. ಸಾರವಾಕಿನಲ್ಲಿ ಅಡಿಗೆಯವನಾಗಿ ಸೇರಿದ ಅಲಿ ಎಂಬ ಮಲಯ ಹುಡುಗ ಬಂದೂಕು ಹಿಡಿಯುವುದನ್ನೂ ಹಕ್ಕಿಯ ಚರ್ಮ ಸುಲಿದು ಕೆಡದಂತೆ ಇಡುವುದನ್ನೂ ಕಲಿತು, ಅವನ ಬಲಗೈಯಾದನು. ವ್ಯಾಲೇಸನ ಹೆಸರಿನಲ್ಲಿ ಪ್ರಸಿದ್ಧವಾದ ಎಷ್ಟೋ ಹಕ್ಕಿಗಳನ್ನು ನಿಜವಾಗಿ ತಂದವನು ಅಲಿ. 1862ರಲ್ಲಿ ಸಿಂಗಪುರದಲ್ಲಿ ಇಬ್ಬರೂ ಅಗಲಿದರು. ಸುಮಾರು ನಲವತ್ತೈದು ವರ್ಷಗಳ ತರುವಾಯ, 1907ರಲ್ಲಿ, ತೆರ್ನಾತೆ ದ್ವೀಪಕ್ಕೆ ಹೋಗಿದ್ದ ಅಮೆರಿಕದ ಪ್ರಾಣಿಶಾಸ್ತ್ರಜ್ಞ ಥಾಮಸ್ ಬಾರ್ಬರ್ ಎಂಬಾತನ ಮುಂದೆ ಒಬ್ಬ ಮುದುಕ ಬಂದು ತಾನು ಅಲಿ ವ್ಯಾಲೇಸ್ ಎಂದು ಹೇಳಿಕೊಂಡನಂತೆ. ಒಡೆಯನ ಹೆಸರನ್ನು ತನ್ನ ಹೆಸರಿಗೆ ಸೇರಿಸಿಕೊಂಡು ಬಾಳಿದ ಆ ಮುದುಕನನ್ನು ನೆನೆದಾಗಲೆಲ್ಲ ವಿಜ್ಞಾನದ ಚರಿತ್ರೆಯಲ್ಲಿ ಹೆಸರು ಬಾರದೆ ಹೋದವರೆಷ್ಟು ಮಂದಿಯೋ ಎಂದು ನನ್ನ ಮನಸ್ಸು ಮರುಗುತ್ತದೆ.

ಇನ್ನು ಚಿಟ್ಟೆಯ ಮಾತು. ಚಿಟ್ಟೆಗಳ ಕುಲದಲ್ಲಿ ಹಕ್ಕಿರೆಕ್ಕೆಯವು ಎಂದು ಕರೆಯಬಹುದಾದ ಒಂದು ಬಳಗವಿದೆ. ಗಾತ್ರದಲ್ಲಿಯೂ ಹಾರಾಟದ ಗಾಂಭೀರ್ಯದಲ್ಲಿಯೂ ಅವು ಕೀಟಗಳಿಗಿಂತ ಹಕ್ಕಿಗಳನ್ನೇ ಹೆಚ್ಚಾಗಿ ಹೋಲುತ್ತವೆ. ನಮ್ಮ ಪಶ್ಚಿಮಘಟ್ಟಗಳ ಕಾಡಿನಂಚಿನಲ್ಲಿ ಮರದ ನೆತ್ತಿಯ ಎತ್ತರದಲ್ಲಿ ಕಪ್ಪು ಮುಂರೆಕ್ಕೆ, ಹಳದಿ ಹಿಂರೆಕ್ಕೆಗಳ ದೊಡ್ಡ ಚಿಟ್ಟೆಯೊಂದು ಅವಸರವಿಲ್ಲದೆ ತೇಲಿಹೋಗುವುದನ್ನು ಮಲೆನಾಡಿನವರು ಕಂಡಿರುತ್ತಾರೆ. ಇಂದು ಕರ್ನಾಟಕದ ರಾಜ್ಯ ಚಿಟ್ಟೆಯೆಂಬ ಗೌರವ ಪಡೆದಿರುವ ಅದು ಇದೇ ಬಳಗದ್ದು. ವ್ಯಾಲೇಸ್ ಬೆನ್ನು ಹತ್ತಿದ್ದು ಅದರ ದೂರದ ದಾಯಾದಿಗಳನ್ನು. 1855ರಲ್ಲಿ ಸಾರವಾಕಿನಿಂದ ಇಂಥದೊಂದನ್ನು ಬೆಳಕಿಗೆ ತಂದು, ತನಗೆ ಆಶ್ರಯವಿತ್ತಿದ್ದ ರಾಜಾ ಬ್ರೂಕನ ಹೆಸರನ್ನು ಅದಕ್ಕಿಟ್ಟಿದ್ದನು. 1857ರಲ್ಲಿ ಅರು ದ್ವೀಪಗಳಲ್ಲಿ ಹಸುರು ರೆಕ್ಕೆಯ ಇನ್ನೊಂದನ್ನು ಹಿಡಿದಿದ್ದನು.

ಈ ಬಳಗದ ಬಾಳು ಒಂದು ಬಳ್ಳಿಯನ್ನು ನಂಬಿದೆ. ನಮ್ಮ ಹಳ್ಳಿಗಳಲ್ಲಿ ಈಶ್ವರಿಬೇರು ಎಂದು ನಾಟಿವೈದ್ಯರು ಬಳಸುವ ಬಳ್ಳಿಯೂ ಅದರ ಬಂಧುಗಳೂ ಈ ಚಿಟ್ಟೆಗಳ ಮರಿಗಳಿಗೆ ಆಹಾರ. ತಾಯಿಚಿಟ್ಟೆ ಕಾಡೆಲ್ಲ ಅಲೆದು, ಎಲೆಯನ್ನು ಕಾಲಿನಿಂದ ಮುಟ್ಟಿ ರುಚಿ ನೋಡಿ, ಸರಿಯಾದ ಬಳ್ಳಿಯೆಂದು ಖಚಿತವಾದ ಮೇಲೆ ಒಂದೊಂದಾಗಿ ಮೊಟ್ಟೆಯಿಡುತ್ತದೆ. ಮೈಮೇಲೆ ಮುಳ್ಳಿನಂಥ ಮೃದುವಾದ ಗುಬುಟುಗಳುಳ್ಳ ಹುಳು ಆ ಎಲೆಯನ್ನೇ ತಿಂದು ಬೆಳೆಯುತ್ತದೆ. ಬಳ್ಳಿಯಲ್ಲಿ ಒಂದು ಬಗೆಯ ವಿಷವಿದೆ. ಹುಳು ಆ ವಿಷದಿಂದ ಸಾಯುವುದಿಲ್ಲ. ಅದನ್ನು ಮೈಯಲ್ಲಿ ಕೂಡಿಟ್ಟುಕೊಂಡು, ಕೋಶಾವಸ್ಥೆಯನ್ನು ದಾಟಿ, ರೆಕ್ಕೆ ಬಂದ ಮೇಲೂ ತನ್ನ ರಕ್ಷಣೆಗೆ ಬಳಸಿಕೊಳ್ಳುತ್ತದೆ. ಒಂದು ಸಾರಿ ಕಚ್ಚಿ ನೋಡಿದ ಹಕ್ಕಿ ಮತ್ತೆ ಆ ಬಣ್ಣದ ತಂಟೆಗೆ ಹೋಗುವುದಿಲ್ಲ. ಬಳ್ಳಿ ಹೋದರೆ ಚಿಟ್ಟೆಯೂ ಹೋಯಿತು.

1858ನೆಯ ಇಸವಿ ವ್ಯಾಲೇಸನ ಬಾಳಿನಲ್ಲಿ ದೊಡ್ಡ ವರ್ಷ. ಆಗ ಅವನ ಬೀಡು ತೆರ್ನಾತೆಯಲ್ಲಿ. ನಮ್ಮ ಅಡಿಗೆಮನೆಯ ಲವಂಗದ ತವರು ಈ ಮೊಲುಕ್ಕ ದ್ವೀಪಗಳೇ. ಚಳಿಜ್ವರ ಬಂದು ಕಂಬಳಿ ಹೊದ್ದು ಮಲಗಿದ್ದ ಒಂದು ದಿನ, ಜನಸಂಖ್ಯೆಯನ್ನು ಕುರಿತು ಮಾಲ್ತಸ್ ಬರೆದ ಪುಸ್ತಕ ಅವನ ನೆನಪಿಗೆ ಬಂದಿತು. ಹುಟ್ಟುವ ಜೀವಿಗಳು ಲೆಕ್ಕವಿಲ್ಲದಷ್ಟು, ಉಳಿಯುವುವು ಕೆಲವೇ, ಯಾವುವು ಉಳಿಯುತ್ತವೆ? ತಮ್ಮ ಪರಿಸರಕ್ಕೆ ಚೆನ್ನಾಗಿ ಹೊಂದಿಕೊಳ್ಳುವಂಥವು. ಉಳಿದವುಗಳ ಗುಣ ಮಕ್ಕಳಿಗೆ ಇಳಿಯುತ್ತದೆ. ಹೀಗೆ ತಲೆಮಾರು ಕಳೆದಂತೆ ಒಂದು ಜಾತಿ ಇನ್ನೊಂದಾಗುತ್ತದೆ. ಲೆಸ್ಟರಿನಲ್ಲಿ ಹುಟ್ಟಿದ್ದ ಪ್ರಶ್ನೆಗೆ ಉತ್ತರ ದೊರಕಿತ್ತು. ಜ್ವರ ಬಿಟ್ಟೊಡನೆ ಲೇಖನ ಬರೆದು, ತಾನು ಬಹುವಾಗಿ ಗೌರವಿಸುತ್ತಿದ್ದ ಡಾರ್ವಿನ್ನನಿಗೆ ಅಂಚೆಯಲ್ಲಿ ಕಳುಹಿಸಿದನು. ಅದೇ ತತ್ತ್ವವನ್ನು ಇಪ್ಪತ್ತು ವರ್ಷಗಳಿಂದ ಮನಸ್ಸಿನಲ್ಲಿಟ್ಟುಕೊಂಡು ಪ್ರಕಟಿಸದೆ ಇದ್ದ ಡಾರ್ವಿನ್ ಆ ಕಾಗದವನ್ನು ಓದಿ ತಲ್ಲಣಿಸಿದನು. ಸ್ನೇಹಿತರಾದ ಲೈಯಲ್ ಮತ್ತು ಹೂಕರ್ ದಾರಿ ತೋರಿದರು. 1858ರ ಜುಲೈ 1ರಂದು ಲಂಡನ್ನಿನ ಲಿನಿಯನ್ ಸಂಘದ ಮುಂದೆ ಇಬ್ಬರ ಬರಹಗಳನ್ನೂ ಒಟ್ಟಿಗೆ ಓದಿದರು.

ಹೀಗೆ ಮಾಡುವ ಮೊದಲು ವ್ಯಾಲೇಸನ ಒಪ್ಪಿಗೆಯನ್ನು ಯಾರೂ ಕೇಳಿರಲಿಲ್ಲ. ಕೇಳಿದರೆ ಉತ್ತರ ಬರಲು ತಿಂಗಳುಗಳು ಬೇಕು. ಸುದ್ದಿ ಅವನನ್ನು ಮುಟ್ಟಿದಾಗ ಅವನು ಹೊಟ್ಟೆಕಿಚ್ಚು ಪಡಲಿಲ್ಲ. ಇಷ್ಟು ದೊಡ್ಡವರು ತನ್ನನ್ನು ತಮ್ಮ ಸಾಲಿನಲ್ಲಿ ಕುಳ್ಳಿರಿಸಿಕೊಂಡರಲ್ಲಾ ಎಂದು ಹಿಗ್ಗಿದನು. ಹಿಗ್ಗಿ, ಮತ್ತೆ ಬಲೆಯನ್ನೆತ್ತಿಕೊಂಡು, ಅಕ್ಟೋಬರಿನಲ್ಲಿ ಬಾಚಾನ್ ಎಂಬ ದ್ವೀಪಕ್ಕೆ ದೋಣಿ ಹತ್ತಿದನು. ಜೀವಲೋಕದ ಗುಟ್ಟನ್ನು ಬಯಲು ಮಾಡಿದವನು ಹೊಟ್ಟೆಪಾಡಿಗಾಗಿ ಮತ್ತೆ ಹುಳು ಹಿಡಿಯಲು ಹೊರಟ ಈ ಸನ್ನಿವೇಶ ನನಗೆ ಅವನ ಜೀವನದಲ್ಲೆಲ್ಲ ಅತ್ಯಂತ ಪ್ರಿಯವಾದದ್ದು.

ಬಾಚಾನಿಗೆ ಬಂದ ಹೊಸದರಲ್ಲಿಯೇ ಕಾಡಿನಲ್ಲಿ ಒಂದು ದೊಡ್ಡ ಚಿಟ್ಟೆ ಅವನ ಕಣ್ಣಿಗೆ ಬಿದ್ದಿತು. ಕಡುಬಣ್ಣದ ರೆಕ್ಕೆಯ ಮೇಲೆ ಬಿಳಿ ಹಳದಿ ಮಚ್ಚೆಗಳಿದ್ದು, ಬಲೆಗೆ ನಿಲುಕದ ಎತ್ತರದಲ್ಲಿ ಹಾರುತ್ತಿತ್ತು. ಪಳಗಿದ ಕಣ್ಣಿಗೆ ಅಷ್ಟೇ ಸಾಕಾಯಿತು. ಇದು ಹಕ್ಕಿರೆಕ್ಕೆಯ ಬಳಗದ ಹೆಣ್ಣು. ಯಾರೂ ಇದುವರೆಗೆ ಕಂಡರಿಯದ ಜಾತಿ. ಹೆಣ್ಣೇ ಇಷ್ಟು ಘನವಾಗಿದ್ದರೆ ಗಂಡು ಹೇಗಿದ್ದೀತು? ಈ ಬಳಗದಲ್ಲಿ ಹೆಣ್ಣು ದೊಡ್ಡದು, ಬಣ್ಣ ಮಂಕು. ಗಂಡು ಕೊಂಚ ಚಿಕ್ಕದು, ಆದರೆ ರತ್ನದಂತೆ ಹೊಳೆಯುವಂಥದು. ಒಂದು ವಾರ ಕಳೆಯಿತು. ಒಂದು ತಿಂಗಳು ಕಳೆಯಿತು. ಎರಡು ತಿಂಗಳಾದರೂ ಅದು ಮತ್ತೊಮ್ಮೆ ದೂರದಿಂದ ಸುಳಿದದ್ದಷ್ಟೇ ಹೊರತು ಕೈಗೆ ಸಿಕ್ಕಲಿಲ್ಲ. ಅವನು ಆಸೆಯನ್ನೇ ಬಿಡುತ್ತ ಬಂದನು.

1859ರ ಜನವರಿಯಲ್ಲಿ ಒಂದು ದಿನ ಅವನ ಕಣ್ಣಿಗೆ ಮುಸೆಂಡ ಜಾತಿಯ ಪೊದೆಯೊಂದು ಬಿದ್ದಿತು. ಇದರ ಬಂಧುಗಳನ್ನು ನಮ್ಮ ಉದ್ಯಾನಗಳಲ್ಲಿಯೂ ಘಟ್ಟದ ಕಾಡುಗಳಲ್ಲಿಯೂ ಕಾಣಬಹುದು: ಹೂವು ಚಿಕ್ಕದು, ಹಳದಿ, ಅದರ ಪಕ್ಕದಲ್ಲಿ ಬಿಳಿಯ ಎಲೆಯಂತೆ ಹಿಗ್ಗಿದ ಪುಷ್ಪಪತ್ರ ದೂರದಿಂದ ಕೈಬೀಸಿ ಕರೆಯುವಂತೆ ತೋರುತ್ತದೆ. ಆ ಹೂವಿನ ಮೇಲೆ ಅದೇ ಚಿಟ್ಟೆ ಸುಳಿದಾಡುತ್ತಿತ್ತು. ಆದರೆ ಹಿಡಿಯಹೋಗುವಷ್ಟರಲ್ಲಿ ತಪ್ಪಿಸಿಕೊಂಡಿತು. ಮರುದಿನ ಅದೇ ಪೊದೆಯ ಬಳಿ ಕಾದು ಹೆಣ್ಣನ್ನು ಹಿಡಿದನು. ಅದರ ಮರುದಿನ ಗಂಡು ಸಿಕ್ಕಿತು.

ಬಲೆಯಿಂದ ತೆಗೆದು ರೆಕ್ಕೆ ಬಿಡಿಸಿ ನೋಡಿದಾಗ ಅವನಿಗಾದದ್ದನ್ನು ಅವನೇ ತನ್ನ ಗ್ರಂಥದಲ್ಲಿ ಬರೆದಿಟ್ಟಿದ್ದಾನೆ. ಒಂದು ತುದಿಯಿಂದ ಇನ್ನೊಂದು ತುದಿಗೆ ಏಳು ಅಂಗುಲಕ್ಕೂ ಮಿಗಿಲಾದ ರೆಕ್ಕೆಗಳು; ಮಕಮಲ್ಲಿನ ಕಪ್ಪಿನ ಮೇಲೆ ಬೆಂಕಿಯಂಥ ಕಿತ್ತಳೆ ಬಣ್ಣ. ಬಳಗದ ಇತರ ಗಂಡುಗಳಲ್ಲಿ ಹಸುರು ಇರುವೆಡೆಯಲ್ಲಿ ಇಲ್ಲಿ ಈ ಉರಿಯುವ ಚಿನ್ನ. ಅವನ ಎದೆ ಬಡಿದುಕೊಂಡಿತು, ರಕ್ತವೆಲ್ಲ ತಲೆಗೇರಿತು, ಸಾವೇ ಎದುರಿಗೆ ಬಂದಾಗಲೂ ಆಗದಷ್ಟು ಮೂರ್ಛೆ ಬರುವಂತಾಯಿತು. ಆ ದಿನವೆಲ್ಲ ತಲೆನೋವು ಬಿಡಲಿಲ್ಲ. ಹೆಚ್ಚಿನ ಜನಕ್ಕೆ ಇದು ಕ್ಷುಲ್ಲಕ ಕಾರಣವೆಂದು ತೋರೀತೆಂದು ಅವನಿಗೂ ಗೊತ್ತಿತ್ತು. ಉರಿವ ಹಡಗಿನಿಂದ ಇಳಿದು ಬಂದವನ ಮಾತು ಇದು ಎಂಬುದನ್ನು ನೆನೆದರೆ ಉತ್ಪ್ರೇಕ್ಷೆಯೆನ್ನಲು ಬಾಯಿ ಬರುವುದಿಲ್ಲ. ಆ ಚಿಟ್ಟೆಗೇ ಅವನು ಕ್ರೀಸಸ್ ಎಂದು ಹೆಸರಿಟ್ಟನು. ಆ ಮೇಲೆ ತನ್ನ ಆಳುಗಳಲ್ಲೊಬ್ಬನನ್ನು ಅದನ್ನು ಹಿಡಿದು ತರುವುದಕ್ಕೆಂದೇ ನೇಮಿಸಿ, ಇನ್ನೂ ಹಲವನ್ನು ಸಂಪಾದಿಸಿ ಲಂಡನ್ನಿಗೆ ಕಳುಹಿಸಿದನು.

ಆ ಪುಟವನ್ನು ನಾನು ಹಲವು ಬಾರಿ ಓದಿದ್ದೇನೆ. ಓದಿದಾಗಲೆಲ್ಲ ಸಂತೋಷವೂ ಸಂಕಟವೂ ಒಟ್ಟಿಗೆ ಆಗುತ್ತವೆ. ಅಷ್ಟೊಂದು ಪ್ರೀತಿಸಿದ ವಸ್ತುವನ್ನು ಅವನು ಕೊಂದನು. ಕೊಲ್ಲದೆ ಅದನ್ನು ತಿಳಿಯುವ ಉಪಾಯ ಆ ಕಾಲದಲ್ಲಿರಲಿಲ್ಲ. ಮಾರದೆ ಅವನು ಇನ್ನೊಂದು ತಿಂಗಳು ಕಾಡಿನಲ್ಲಿರುವಂತಿರಲಿಲ್ಲ. ಇವೆರಡೂ ನಿಜ. ಆದರೂ ಎದೆಯ ಮೂಲೆಯಲ್ಲಿ ಏನೋ ಮುಳ್ಳಾಡುತ್ತದೆ. ಅಹಿಂಸೆಯನ್ನು ಪರಮಧರ್ಮವೆಂದ ನಾಡಿನಲ್ಲಿ ಹುಟ್ಟಿದವರಿಗೆ ಈ ಮುಳ್ಳು ಇನ್ನೂ ಚುರುಕು. ಅವನನ್ನು ಖಂಡಿಸಿ ಕೈತೊಳೆದುಕೊಳ್ಳುವುದು ಸುಲಭ. ಆದರೆ ಆ ಸಾವಿನಿಂದ ಅವನು ಏನನ್ನು ಕಲಿತನೆಂಬುದನ್ನು ನೋಡದೆ ತೀರ್ಪು ಕೊಡುವುದು ನ್ಯಾಯವಲ್ಲ.

ಕಲಿತ ಮೊದಲನೆಯ ಪಾಠ ಬಾಚಾನಿಗೂ ಹಿಂದಿನದು. ಎರಡು ವರ್ಷ ಮೊದಲು ಅರು ದ್ವೀಪದಲ್ಲಿ ಸ್ವರ್ಗಪಕ್ಷಿಗಳ ಪೈಕಿ ಅತ್ಯಂತ ಚಿಕ್ಕದೂ ಚೆಲುವೂ ಆದ ಒಂದನ್ನು ಕೈಯಲ್ಲಿ ಹಿಡಿದಾಗ ಅವನಿಗೆ ಹರ್ಷದ ಜೊತೆಗೆ ವಿಷಾದವೂ ಉಂಟಾಯಿತು. ಎಷ್ಟೋ ಯುಗಗಳಿಂದ ಈ ಸೌಂದರ್ಯ ತಲೆಮಾರಿನ ಮೇಲೆ ತಲೆಮಾರು ಈ ಕತ್ತಲೆಯ ಕಾಡಿನಲ್ಲಿ ಹುಟ್ಟಿ, ಬಾಳಿ, ಸತ್ತಿದೆ. ನೋಡಿ ಮೆಚ್ಚುವ ಬುದ್ಧಿವಂತನ ಕಣ್ಣೊಂದೂ ಅಲ್ಲಿರಲಿಲ್ಲ. ಇನ್ನು ನಾಗರಿಕನೆನಿಸಿದ ಮನುಷ್ಯ ಇಲ್ಲಿಗೆ ಕಾಲಿಟ್ಟು ಕಾಡಿನ ಸಮತೋಲ ಕೆಡಿಸಿದರೆ, ಮೆಚ್ಚಬಲ್ಲ ಆತನ ಕೈಯಿಂದಲೇ ಇದು ಅಳಿದುಹೋದೀತು. ಹಾಗಾದರೆ ಜೀವಿಗಳೆಲ್ಲ ಮನುಷ್ಯನಿಗಾಗಿ ಹುಟ್ಟಿಲ್ಲ. ಅವುಗಳ ಸುಖದುಃಖ, ಪ್ರೇಮ, ಹೋರಾಟ ಅವುಗಳದೇ. ಈ ವಿಚಾರ ಅವನಿಗೆ ಹೊಳೆದದ್ದು ಗ್ರಂಥಾಲಯದಲ್ಲಲ್ಲ; ಅಂಗೈಯ ಮೇಲೆ ಮಲಗಿದ್ದ ಸತ್ತ ಹಕ್ಕಿಯೊಂದನ್ನು ನೋಡುತ್ತ.

ಎರಡನೆಯ ಪಾಠ 1862ರಲ್ಲಿ ಅವನು ಊರಿಗೆ ಮರಳಿದ ಮೇಲೆ. ಎಂಟು ವರ್ಷಗಳಲ್ಲಿ ಕೂಡಿದ ಮಾದರಿಗಳು 1,25,660; ಅವುಗಳಲ್ಲಿ ಚಿಟ್ಟೆ ಪತಂಗಗಳೇ 13,100. ಇವುಗಳಲ್ಲಿ ತನಗಾಗಿ ಉಳಿಸಿಕೊಂಡಿದ್ದವನ್ನು ಮುಂದಿಟ್ಟುಕೊಂಡು ಮಲಯ ಪ್ರಾಂತದ ಬಾಲದ ಚಿಟ್ಟೆಗಳ ಬಳಗವನ್ನು ಕುರಿತು ಒಂದು ಪ್ರಬಂಧ ಸಿದ್ಧಪಡಿಸಿದನು. ಅದು 1865ರಲ್ಲಿ ಅಚ್ಚಾಯಿತು. ಅದರಲ್ಲಿ ನಮಗೆಲ್ಲ ಹತ್ತಿರದ ಒಂದು ಪ್ರಸಂಗವಿದೆ. ಹಿತ್ತಿಲಿನ ನಿಂಬೆ, ಕರಿಬೇವಿನ ಗಿಡದ ಸುತ್ತ ಸುಳಿಯುವ ಕಪ್ಪು ಚಿಟ್ಟೆಯೊಂದನ್ನು ನೀವು ಕಂಡಿರುತ್ತೀರಿ. ಹಿಂರೆಕ್ಕೆಯ ಅಡ್ಡಕ್ಕೆ ಬಿಳಿಮಚ್ಚೆಗಳ ಸಾಲಿರುತ್ತದೆ. ಅದು ಗಂಡು. ಅದರ ಹೆಣ್ಣುಗಳಲ್ಲಿ ಕೆಲವು ಗಂಡಿನಂತೆಯೇ ಇರುತ್ತವೆ. ಇನ್ನು ಕೆಲವಕ್ಕೆ ಬೇರೆಯೇ ಎರಡು ವೇಷ. ಈಶ್ವರಿಬೇರನ್ನು ತಿಂದು ವಿಷ ತುಂಬಿಕೊಂಡ, ಕೆಂಪು ಮೈಯ ಎರಡು ಜಾತಿಯ ಚಿಟ್ಟೆಗಳು ನಮ್ಮ ನಾಡಿನಲ್ಲಿವೆ. ಒಂದು ವೇಷ ಒಂದನ್ನು, ಇನ್ನೊಂದು ವೇಷ ಇನ್ನೊಂದನ್ನು ಹೋಲುತ್ತದೆ. ಪಂಡಿತರು ಇವನ್ನೆಲ್ಲ ಬೇರೆ ಬೇರೆ ಜಾತಿಗಳೆಂದು ತಿಳಿದಿದ್ದರು. ಇವೆಲ್ಲ ಒಂದೇ ತಂದೆಯ ಕುಲದ ಹೆಣ್ಣುಗಳೆಂದು ವ್ಯಾಲೇಸ್ ತೋರಿಸಿಕೊಟ್ಟನು.

ಹಾಗೇಕೆ? ಅವನ ಹಳೆಯ ಗೆಳೆಯ ಬೇಟ್ಸ್ ಅಮೆಜಾನಿನಿಂದ ಮರಳಿ 1862ರಲ್ಲಿ ಇದಕ್ಕೆ ಕೀಲಿಕೈ ಒದಗಿಸಿದ್ದನು. ರುಚಿಯಿಲ್ಲದ ಚಿಟ್ಟೆಯ ವೇಷ ಹಾಕಿಕೊಂಡ ರುಚಿಯುಳ್ಳ ಚಿಟ್ಟೆ ಹಕ್ಕಿಯ ಬಾಯಿಂದ ಪಾರಾಗುತ್ತದೆ. ಪಾರಾದದ್ದರ ಸಂತತಿ ಹೆಚ್ಚುತ್ತದೆ. ಮೊಟ್ಟೆ ಹೊತ್ತು ಸರಿಯಾದ ಗಿಡವನ್ನು ಹುಡುಕುತ್ತ ನಿಧಾನವಾಗಿ ಅಲೆಯಬೇಕಾದ ಹೆಣ್ಣಿಗೆ ಈ ರಕ್ಷೆ ಗಂಡಿಗಿಂತ ಹೆಚ್ಚು ಬೇಕು ಎಂದು ವ್ಯಾಲೇಸ್ ಮುಂದುವರಿಸಿದನು. ಜ್ವರದಲ್ಲಿ ಹೊಳೆದ ತತ್ತ್ವಕ್ಕೆ ಚಿಟ್ಟೆಯ ರೆಕ್ಕೆಯ ಮೇಲೆ ಸಾಕ್ಷಿ ದೊರೆಯಿತು. ಒಂದೇ ಜಾತಿಯ ಹೆಣ್ಣು ಇಷ್ಟು ವೇಷಗಳನ್ನು ಹೇಗೆ ಹಾಕುತ್ತದೆಂಬುದು ಬಹುಕಾಲ ಒಗಟಾಗಿತ್ತು. 2014ರಲ್ಲಿ ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ ಕೃಷ್ಣಮೇಘ ಕುಂಟೆಯವರೂ ಷಿಕಾಗೋ ವಿಶ್ವವಿದ್ಯಾನಿಲಯದ ವಿಜ್ಞಾನಿಗಳೂ ಕೂಡಿ, ಕೀಟಗಳಲ್ಲಿ ಗಂಡು ಹೆಣ್ಣೆಂಬ ಭೇದವನ್ನು ರೂಪಿಸುವ ಒಂದು ವಂಶವಾಹಿಯೇ ಈ ವೇಷಗಳನ್ನೂ ಆಳುತ್ತದೆಂದು ತೋರಿಸಿದರು. ವ್ಯಾಲೇಸನ ಪ್ರಬಂಧ ಅಚ್ಚಾಗಿ ಆ ಹೊತ್ತಿಗೆ ನೂರ ನಲವತ್ತೊಂಬತ್ತು ವರ್ಷಗಳಾಗಿದ್ದುವು.

ಅವನ ಮುಂದಿನ ಬಾಳನ್ನು ಬೇಗ ಹೇಳಿಬಿಡಬಹುದು. 1866ರಲ್ಲಿ ಸಸ್ಯಶಾಸ್ತ್ರಜ್ಞನೊಬ್ಬನ ಮಗಳಾದ ಆನಿ ಮಿಟ್ಟನಳನ್ನು ಮದುವೆಯಾದನು. 1869ರಲ್ಲಿ ಮಲಯ ದ್ವೀಪಸ್ತೋಮವನ್ನು ಕುರಿತ ಪ್ರವಾಸಗ್ರಂಥ ಹೊರಬಂದಿತು. ಅದನ್ನು ಡಾರ್ವಿನ್ನನಿಗೆ ಅರ್ಪಿಸಿದನು. ಏಷ್ಯದ ಪ್ರಾಣಿಗಳಿಗೂ ಆಸ್ಟ್ರೇಲಿಯದ ಪ್ರಾಣಿಗಳಿಗೂ ನಡುವೆ ಅವನು ಬಾಲಿ ಲೊಂಬೋಕ್ ದ್ವೀಪಗಳ ನಡುವಣ ಕಡಲಿನಲ್ಲಿ ಎಳೆದ ಗಡಿ ಇಂದಿಗೂ ಅವನ ಹೆಸರಿನಲ್ಲಿದೆ. ಹಣದ ವಿಷಯದಲ್ಲಿ ಮಾತ್ರ ತಂದೆಯ ಮಗನೇ ಆದನು. ಚಿಟ್ಟೆ ದುಂಬಿಗಳು ತಂದುಕೊಟ್ಟ ಗಂಟನ್ನು ನಂಬಬಾರದ ಪಾಲುಪತ್ರಗಳಲ್ಲಿ ತೊಡಗಿಸಿ ಕಳೆದುಕೊಂಡನು. ಬೇಕೆಂದಾಗ ಕಾಯಂ ಕೆಲಸವೊಂದು ಸಿಕ್ಕಲೇ ಇಲ್ಲ. ಪರೀಕ್ಷೆಯ ಉತ್ತರಪತ್ರಿಕೆಗಳನ್ನು ತಿದ್ದಿ, ಲೇಖನ ಬರೆದು ಸಂಸಾರ ಸಾಗಿಸಿದನು. ಪ್ರೇತವಾದವನ್ನು ನಂಬಿ ವಿಜ್ಞಾನಿಗಳ ನಗೆಗೆ ಗುರಿಯಾದನು. ದೇವಿ ಹಾಕಿಸುವುದನ್ನು ವಿರೋಧಿಸಿ ತಪ್ಪುದಾರಿ ಹಿಡಿದನು. ಭೂಮಿ ರಾಷ್ಟ್ರದ ಸ್ವತ್ತಾಗಬೇಕೆಂದು ವಾದಿಸಿ ಉಳ್ಳವರಿಗೆ ಬೇಡವಾದನು. 1881ರಲ್ಲಿ ಡಾರ್ವಿನ್ನನ ಪ್ರಯತ್ನದಿಂದ ವರ್ಷಕ್ಕೆ 200 ಪೌಂಡುಗಳ ಸರ್ಕಾರಿ ವೇತನ ಗೊತ್ತಾಯಿತು. ಮರುವರ್ಷ ಡಾರ್ವಿನ್ ತೀರಿಕೊಂಡಾಗ ಶವಪೆಟ್ಟಿಗೆಯ ಜೊತೆಯಲ್ಲಿ ನಡೆದವರಲ್ಲಿ ವ್ಯಾಲೇಸನೂ ಒಬ್ಬ. ತಾನೂ ಕಂಡುಕೊಂಡಿದ್ದ ತತ್ತ್ವವನ್ನು ವಿವರಿಸಿ 1889ರಲ್ಲಿ ಬರೆದ ಪುಸ್ತಕಕ್ಕೆ ಅವನು ಇಟ್ಟ ಹೆಸರು ಡಾರ್ವಿನಿಸಂ. 1908ರಲ್ಲಿ ಆರ್ಡರ್ ಆಫ್ ಮೆರಿಟ್ ಗೌರವ ಬಂದಿತು. 1913ರ ನವೆಂಬರ್ 7ರಂದು, ತೊಂಬತ್ತನೆಯ ವಯಸ್ಸಿನಲ್ಲಿ, ಬ್ರಾಡ್‌ಸ್ಟೋನ್ ಎಂಬ ಊರಿನ ತನ್ನ ಮನೆಯಲ್ಲಿ ಕಣ್ಣುಮುಚ್ಚಿದನು.

ಬಾಚಾನಿನಿಂದ ಅವನು ತಂದ ಇನ್ನೊಂದು ಕೀಟದ ಕಥೆ ಈಚಿನದು. 1858ರಲ್ಲಿ ಅಲ್ಲಿ ಒಂದು ದೊಡ್ಡ ಜೇನುನೊಣ ಸಿಕ್ಕಿತ್ತು; ಜಗತ್ತಿನ ಜೇನುನೊಣಗಳಲ್ಲೆಲ್ಲ ಅದೇ ದೊಡ್ಡದು. ಆ ಮೇಲೆ ಅದು ಯಾರ ಕಣ್ಣಿಗೂ ಬೀಳದೆ, ಅಳಿದುಹೋಯಿತೆಂದೇ ಜನ ತಿಳಿದರು. 1981ರಲ್ಲಿ ಮತ್ತೆ ಸಿಕ್ಕಿತು; 2019ರಲ್ಲಿ ಬದುಕಿದ ಹೆಣ್ಣೊಂದರ ಛಾಯಾಚಿತ್ರ ಬಂದಿತು. ಕ್ರೀಸಸ್ ಚಿಟ್ಟೆಯೂ ಇನ್ನೂ ಬಾಚಾನ್, ಹಲ್ಮಾಹೆರ ಮೊದಲಾದ ಕೆಲವೇ ದ್ವೀಪಗಳ ಕಾಡುಗಳಲ್ಲಿ ಹಾರುತ್ತಿದೆ. ಅದರ ವ್ಯಾಪಾರಕ್ಕೆ ಅಂತರರಾಷ್ಟ್ರೀಯ ಒಪ್ಪಂದದ ಕಟ್ಟುಪಾಡಿದೆ. ಆದರೆ ಬಲೆಗಿಂತ ದೊಡ್ಡ ಶತ್ರು ಕೊಡಲಿ. ಮರ ಬಿದ್ದರೆ ಬಳ್ಳಿಗೆ ಆಸರೆಯಿಲ್ಲ; ಬಳ್ಳಿಯಿಲ್ಲದೆ ಹುಳುವಿಲ್ಲ. ಒಂದೊಂದು ಜೀವಜಾತಿಯೂ ಭೂಮಿಯ ಚರಿತ್ರೆಯನ್ನು ಬರೆದಿಟ್ಟ ಗ್ರಂಥದ ಒಂದೊಂದು ಅಕ್ಷರವಿದ್ದಂತೆ, ಅಕ್ಷರ ಅಳಿಸಿಹೋದರೆ ಗ್ರಂಥವೇ ಅರ್ಥವಾಗದೆ ಹೋದೀತೆಂದು ವ್ಯಾಲೇಸ್ 1863ರಷ್ಟು ಹಿಂದೆಯೇ ಎಚ್ಚರಿಸಿದ್ದನು. ಕಾಡು ಕಡಿಯುವುದನ್ನೇ ನಾಗರಿಕತೆಯೆಂದು ಜಗತ್ತು ಭಾವಿಸಿದ್ದ ಕಾಲವದು.

ಕ್ರೀಸಸ್ ದೊರೆಯನ್ನು ಕುರಿತು ಗ್ರೀಕರಲ್ಲಿ ಒಂದು ಕಥೆಯಿದೆ. ತನ್ನ ಭಂಡಾರವನ್ನೆಲ್ಲ ತೋರಿಸಿ, ತನಗಿಂತ ಸುಖಿ ಯಾರಿದ್ದಾರೆಂದು ಅವನು ಸೋಲನ್ ಎಂಬ ಜ್ಞಾನಿಯನ್ನು ಕೇಳಿದನಂತೆ. ಕೊನೆಯನ್ನು ಕಾಣುವ ತನಕ ಯಾರನ್ನೂ ಸುಖಿಯೆನ್ನಬಾರದೆಂದು ಸೋಲನ್ ಹೇಳಿದನಂತೆ. ಮುಂದೆ ಪಾರಸೀಕರ ಸೈರಸ್ ದಂಡೆತ್ತಿ ಬಂದು ಆ ರಾಜ್ಯವನ್ನೂ ಚಿನ್ನವನ್ನೂ ಕಿತ್ತುಕೊಂಡನು. ವ್ಯಾಲೇಸನ ಗಂಟೂ ಕರಗಿತು. ಆದರೆ ಬಾಚಾನಿನ ಆ ಬೆಳಗಿನಲ್ಲಿ ಅವನಿಗೆ ದೊರೆತದ್ದನ್ನು ಯಾವ ಸೈರಸ್ಸನೂ ಕಿತ್ತುಕೊಳ್ಳಲಿಲ್ಲ. ತನಗಾಗಿ ಹುಟ್ಟದ ಚೆಲುವನ್ನು ಕಂಡು ಮೈಮರೆಯಬಲ್ಲವನಾಗಿದ್ದನು. ಅದು ತನಗಾಗಿ ಹುಟ್ಟಿದ್ದಲ್ಲವೆಂದು ಒಪ್ಪಬಲ್ಲವನೂ ಆಗಿದ್ದನು. ಮೊದಲನೆಯದು ನಮ್ಮಲ್ಲಿ ಅನೇಕರಿಗೆ ಸಾಧ್ಯ. ಎರಡನೆಯದನ್ನು ನಾವಿನ್ನೂ ಕಲಿಯಬೇಕಾಗಿದೆ. ಕಲಿಯುವುದಕ್ಕೆ ಕಾಡು ಉಳಿದಿರುವಾಗಲೇ ಕಲಿತರೆ ಒಳ್ಳೆಯದು.